ಕೆಂಗಣ್ಣಿನ ಅಲಸಂದೆ

"ಅರವತ್ತೆರಡು ಜನ ಅವ್ರೆ ಕಣಮ್ಮಿ. ಎಲ್ರುದೂ ಒಬ್ಬೊಬ್ರುದೇ ತೆಗೀಬೇಕು. ಗುಂಪಲ್ಲಿ ನಿಲ್ಸಂಗಿಲ್ಲ."

ಕುದೇರಿನಿಂದ ಶಿವರುದ್ರಮ್ಮ ಫೋನ್ ಮಾಡಿ ಹೀಗೆಂದಾಗ ಶಶಿರೇಖಾ ಯಾವುದೋ ಶಾಲೆಯ ಗುರುತಿನ ಚೀಟಿಯ ಕೆಲಸ ಇರಬೇಕು ಎಂದುಕೊಂಡಳು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅವಳದೊಂದು ಸಣ್ಣ ಸ್ಟುಡಿಯೊ. ಪಾಸ್‌ಪೋರ್ಟ್ ಅಳತೆಯ ಫೋಟೊ, ನಾಮಕರಣ, ಮದುವೆ ಆಲ್ಬಂ, ಚೆಂಡುಹೂವಿನ ಹೊಲದಲ್ಲಿ ನಿಂತು ಫೋಟೊ ಬೇಕೆನ್ನುವ ಕೇರಳದ ಜೋಡಿಗಳು, ಇಷ್ಟರಲ್ಲೇ ಹನ್ನೊಂದು ವರ್ಷ ಕಳೆದಿತ್ತು. ಕ್ಯಾಮೆರಾ, ಲೈಟು ಹೊತ್ತುಕೊಂಡು ಕುದೇರಿಗೆ ಹೋಗಿ ನೋಡಿದರೆ ಆ ಅರವತ್ತೆರಡು ಜನ ನಡುಮನೆಯ ಗೋಡೆಯುದ್ದಕ್ಕೂ ಮಣ್ಣಿನ ಕುಡಿಕೆಗಳಲ್ಲಿ ಕೂತಿದ್ದರು. ಅವರೆ, ಹುರುಳಿ, ಅಲಸಂದೆ, ರಾಗಿ, ಸಾಮೆ, ಹರಳು. ಎಲ್ಲವೂ ನಾಟಿ ಬಿತ್ತನೆ ಬೀಜಗಳು.

ಅವನ್ನು ನಲವತ್ತು ವರ್ಷದಿಂದ ಬಿತ್ತಿ, ಒಕ್ಕಿ, ಬೂದಿ ಬೆರೆಸಿ ಕಾಪಾಡಿಕೊಂಡು ಬಂದವಳು ಶಿವರುದ್ರಮ್ಮನ ಅತ್ತೆ ದೊಡ್ಡಮಲ್ಲಮ್ಮ. ಊರಿನ ಹೆಂಗಸರ ಸಂಘ ಈಗ ಅವಳ ಜೊತೆ ಕೈಜೋಡಿಸಿತ್ತು. ಬೇಕಾದವರು ಫೋನಿನಲ್ಲೇ ಬೀಜ ನೋಡಿ, ನಂಬರು ಹೇಳಿದರೆ ಒಂದು ಹಿಡಿ ಪೊಟ್ಟಣ ಕಟ್ಟಿ ಕಳಿಸುವುದು ಸಂಘದ ಆಲೋಚನೆ. ಅದಕ್ಕಾಗಿ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದ್ದವರು ನೀಲಕಂಠಸ್ವಾಮಿ. ಕುದೇರಿನವರೇ, ಚಾಮರಾಜನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು.

ಫೋಟೊ ತೆಗೆಯಲು ಎರಡು ದಿನ ಹಿಡಿಯಿತು. ಕಿಟಕಿಯ ಪಕ್ಕ ಬಿಳಿ ಬೆಡ್‌ಶೀಟ್ ಹಾಸಿ, ಒಂದೊಂದು ಜಾತಿಯಿಂದ ಹತ್ತು ಹನ್ನೆರಡು ಕಾಳು, ರಾಗಿಯಂಥ ಸಣ್ಣ ಕಾಳಾದರೆ ಒಂದು ಹಿಡಿ ತೆಗೆದು ದೊಡ್ಡಮಲ್ಲಮ್ಮನೇ ಜೋಡಿಸಿದಳು. ಕಾಳಿನ ಕಣ್ಣು ಮೇಲೆ ಬರುವಂತೆ ಬೆರಳ ತುದಿಯಲ್ಲಿ ತಿರುಗಿಸಿ ಇಡುವಳು. ಒಂದು ಮಗುಚಿಕೊಂಡರೂ ಶಶಿರೇಖಾಳ ಕೈ ತಡೆದು, "ತಡಿ, ಇಂವ ಮಕ ತೋರುಸ್ತಿಲ್ಲ" ಅನ್ನುವಳು. ಕೆಲಸ ಮುಗಿಸಿ ಹೊರಟಾಗ ಶಶಿರೇಖಾಳಿಗೆ ಖುಷಿಯಾಗಿತ್ತು. ಅಷ್ಟು ಅಲುಗಾಡದೆ ಕೂರುವ ಗಿರಾಕಿಗಳು ಅವಳಿಗೆ ಹಿಂದೆ ಸಿಕ್ಕಿರಲಿಲ್ಲ.

ತೊಂದರೆ ಶುರುವಾದದ್ದು ಫೋಟೊಗಳನ್ನು ಸೈಟಿಗೆ ಹಾಕಿದ ಮೇಲೆ. ಕ್ಯಾಮೆರಾದಿಂದ ಬಂದದ್ದನ್ನು ಬಂದ ಹಾಗೇ ಕೊಟ್ಟಿದ್ದಳು. ಒಂದೊಂದೂ ಒಂಬತ್ತು ಎಂಬಿ. ಚಾಮರಾಜನಗರದ ಕಾಲೇಜಿನಲ್ಲೇ ಪುಟ ತೆರೆಯಲು ಹೆಣಗುತ್ತಿತ್ತು. ನೀಲಕಂಠಸ್ವಾಮಿ ಅದರ ಲಿಂಕನ್ನು ಮರಿಮಲ್ಲಪ್ಪನಿಗೆ ಕಳಿಸಿ ನೋಡಿದರು. ಮರಿಮಲ್ಲಪ್ಪ ಶಿವರುದ್ರಮ್ಮನ ತವರಿನ ಕಡೆಯ ನೆಂಟ, ಗೋಪಾಲಸ್ವಾಮಿ ಬೆಟ್ಟದ ಬುಡದ ಹಳ್ಳಿಯಲ್ಲಿ ರೈತ. ಕಾಡಂಚಿನ ಆ ಊರಿನಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿ ತೆರೆದರೆ ಎಲ್ಲ ಕಡೆಯೂ ತೆರೆದಂತೆ ಎಂದು ಅವರ ಲೆಕ್ಕ.

ಸಂಜೆ ಮರಿಮಲ್ಲಪ್ಪ ಫೋನ್ ಮಾಡಿದ. "ಗುಂಡ್ನೆ ಚಕ್ರ ಬಂದು ತಿರಗ್ತಾ ಅದೆ ಸ್ವಾಮಿ. ನಾನು ಆಲ್ ಕರ್ದು ಡೈರಿಗೆ ಆಕ್ಬುಟ್ಟು ಬಂದೆ, ಇನ್ನೂವೆ ತಿರಗ್ತಾ ಅದೆ. ಮೊದುಲ್ನೆ ಫೋಟೊ ಅರ್ಧ ಬಂದದೆ. ಅದ್ರಲ್ಲಿ ಬರೀ ಬಟ್ಟೆ ಕಾಣ್ತದೆ."

ಮಾರನೆಯ ದಿನ ನೀಲಕಂಠಸ್ವಾಮಿ ಶಶಿರೇಖಾಳಿಗೆ ಹೇಳಿದರು: "ಸೈಜ್ ಇಳಿಸಿ ಕೊಡಮ್ಮ. ನೂರು ಕೆಬಿ ಒಳಗಿದ್ದರೆ ಒಳ್ಳೆಯದು."

ಅದೇನು ದೊಡ್ಡ ಕೆಲಸ ಅಂದುಕೊಂಡಳು. ಫೋಟೊ ಉಳಿಸುವಾಗ ಕಂಪ್ಯೂಟರ್ ಪರದೆಯ ಮೇಲೆ ಕ್ವಾಲಿಟಿ ಎಂಬ ಗೆರೆಯೊಂದು ಬರುತ್ತದೆ, ಸೊನ್ನೆಯಿಂದ ನೂರರವರೆಗೆ. ಗುಂಡಿಯನ್ನು ಎಡಕ್ಕೆ ಎಳೆದಷ್ಟೂ ಫೋಟೊ ಹಗುರವಾಗುತ್ತದೆ. ಸ್ಟುಡಿಯೊದಲ್ಲಿ ಗಿರಾಕಿ ಕಾಯುತ್ತಿದ್ದ. ಅಳತೆ ಕುಗ್ಗಿಸಿ, ಗುಂಡಿಯನ್ನು ಇಪ್ಪತ್ತೈದಕ್ಕೆ ಎಳೆದು, ಅರವತ್ತೆರಡನ್ನೂ ಒಟ್ಟಿಗೆ ಆರಿಸಿ ಒಂದು ಸಲ ಒತ್ತಿದಳು. ನಿಮಿಷದೊಳಗೆ ಮುಗಿಯಿತು. ಮೂವತ್ತು ಕೆಬಿ ಕೂಡ ಇರಲಿಲ್ಲ ಒಂದೊಂದು.

"ಬಂತು ಕಣ್ರೀ! ಮುಟ್ಟುದ್ ತಕ್ಷಣ ಬಂದ್ಬುಡ್ತು" ಎಂದು ಬೆಟ್ಟದ ಬುಡದಿಂದ ಮರಿಮಲ್ಲಪ್ಪ ಕೂಗಿದ. ಎಲ್ಲರಿಗೂ ನೆಮ್ಮದಿಯಾಯಿತು.

ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಸಂಘಕ್ಕೆ ಫೋನುಗಳು ಬರತೊಡಗಿದವು. ಶಿವರುದ್ರಮ್ಮ ಹದಿನಾಲ್ಕು ಪೊಟ್ಟಣ ಕಳಿಸಿದಳು. ಹದಿನೈದನೆಯದಕ್ಕೆ ಮರಿಮಲ್ಲಪ್ಪ ತಾನೇ ಹೊರಟುಬಂದ. ಗುಂಡ್ಲುಪೇಟೆ, ಚಾಮರಾಜನಗರ, ಸಂತೆಮರಹಳ್ಳಿ ಎಂದು ಬಸ್ಸು ಬದಲಾಯಿಸಿ, ಕೊನೆಗೆ ಒಂದು ಆಟೊ ಹಿಡಿದು ಕುದೇರು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವನಿಗೆ ಬೇಕಾಗಿದ್ದದ್ದು ಹದಿನೇಳನೆಯ ನಂಬರಿನ ಅಲಸಂದೆ. ತೀರಿಕೊಂಡ ಅವನ ತಾಯಿ ಅದನ್ನು ರಾಗಿ ಹೊಲದ ಅಂಚಿಗೆ ಬಿತ್ತುತ್ತಿದ್ದಳು. ಅವಳ ನಂತರ ಯಾರೂ ಬೀಜ ಎತ್ತಿಡಲಿಲ್ಲ. ಇಪ್ಪತ್ತು ವರ್ಷದಿಂದ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ದೊಡ್ಡಮಲ್ಲಮ್ಮ ಕುಡಿಕೆಯಿಂದ ಒಂದು ಹಿಡಿ ತೆಗೆದು ಅವನ ಅಂಗೈಗೆ ಸುರಿದಳು. ಅವನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮುಖ ಸಪ್ಪಗಾಯಿತು.

"ಇದಲ್ಲ ಕಣವ್ವ. ನಮ್ಮವ್ವ ಬಿತ್ತತಿದ್ದುದ್ಕೆ ಕಣ್ಣ್ ಸುತ್ತ ಕೆಂಪ್ ಗೆರೆ ಇರದು, ಕುಂಕುಮ ತೀಡ್ದಂಗೆ. ಫೋನಲ್ಲಿ ಇದ್ಕೂ ಕೆಂಪ್ಗೇ ಕಾಣ್ತಿತ್ತು."

"ಅಯ್ಯೊ, ನೀನ್ ಕೇಳ್ತಿರದು ಕೆಂಗಣ್ಣಿಂದು" ಎಂದಳು ದೊಡ್ಡಮಲ್ಲಮ್ಮ. "ಇದು ಕಂದುಗಣ್ಣು. ನಿಂದು ಇಪ್ಪತ್ಮೂರು. ತಡಿ."

ಗೋಡೆಯ ಆ ತುದಿಯಿಂದ ಇನ್ನೊಂದು ಕುಡಿಕೆ ತಂದಳು. ಮರಿಮಲ್ಲಪ್ಪ ಒಂದು ಕಾಳು ತೆಗೆದುಕೊಂಡು ಬೆರಳಲ್ಲಿ ಹೊರಳಿಸಿದ. ಆಮೇಲೆ ಬಾಯಿಗೆ ಹಾಕಿಕೊಂಡು ಕಡಿದ. ಟವೆಲಿನಲ್ಲಿ ಮುಖ ಒರೆಸಿಕೊಂಡು, "ಇದೇ" ಎಂದ.

ಅಲ್ಲಿಗೆ ಅವನ ಕೆಲಸ ಆಯಿತು. ಆದರೆ ದೊಡ್ಡಮಲ್ಲಮ್ಮ ಬಿಡಲಿಲ್ಲ. ಕೆಂಪೇ ಇಲ್ಲದ ಕಾಳು ಫೋನಿನಲ್ಲಿ ಕೆಂಪಗೆ ಕಂಡದ್ದು ಹೇಗೆ? ತೋರಿಸು ಎಂದಳು. ಸೈಟು ಶುರುವಾಗಿ ತಿಂಗಳಾಗಿದ್ದರೂ ಅವಳು ಅದನ್ನು ನೋಡಿರಲಿಲ್ಲ. ಮನೆಯ ಗೋಡೆಯ ಪಕ್ಕದಲ್ಲೇ ಇರುವುದನ್ನು ಫೋನಿನಲ್ಲಿ ಯಾಕೆ ನೋಡಬೇಕು? ಹೋದ ವರ್ಷ ಪೊರೆ ತೆಗೆಸಿಕೊಂಡಿದ್ದ ಕಣ್ಣು ಅವಳದು, ಚುರುಕಾಗಿತ್ತು. ಮರಿಮಲ್ಲಪ್ಪನ ಫೋನನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಫೋಟೊ ಸರಿಸಿದಳು.

"ಇದು ನನ್ ಬಿತ್ತ ಅಲ್ಲ" ಎಂದಳು. ಇನ್ನೊಂದು ಸರಿಸಿದಳು. "ಇದೂ ಅಲ್ಲ. ಮಚ್ಚೆಯೆಲ್ಲ ಒಂದ್ಕೊಂದು ಅಂಟ್ಕಂಡವೆ. ಇದ್ಯಾವ್ದು ಶಿವರುದ್ರಿ, ಅವರೆಯೋ ಉಳ್ಳಿಯೋ?"

"ಹರಳು ಕಣತ್ತೆ."

"ಅರಳಾ!" ಎಂದು ಫೋನನ್ನು ಮಡಿಲಿಗೆ ಇಳಿಸಿದಳು. "ಈವಯ್ಯ ಬಸ್ಸತ್ಕಂಡು ಬಂದ. ಕೈಲಿಡ್ಕಂಡು ನೋಡ್ದ. ಬರ್ದೆ ಇರೋರ್ಗೆ ಏನೇನ್ ಕಳುಸ್ಬುಟ್ಟಿದ್ದೀವೋ? ಇದು ಸರಿಯಾಗಗಂಟ ಒಂದ್ ಕಾಳೂ ಈಚ್ಗೆ ಓಗಂಗಿಲ್ಲ."

ಶಿವರುದ್ರಮ್ಮನ ಫೋನ್ ಬಂದಾಗ ಶಶಿರೇಖಾ ಸ್ಟುಡಿಯೊದಲ್ಲಿ ಒಬ್ಬಳೇ ಇದ್ದಳು. ಅತ್ತೆ ಅಂದದ್ದನ್ನು ಶಿವರುದ್ರಮ್ಮ ಮೆತ್ತಗೆ ಮಾಡಿಯೇ ಹೇಳಿದಳು. ಆದರೂ "ನನ್ನ ಬಿತ್ತ ಅಲ್ಲ" ಎಂಬ ಮಾತು ಶಶಿರೇಖಾಳಿಗೆ ನಾಟಿತು. ಸೈಟು ತೆರೆದು ಹದಿನೇಳನೆಯ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿದಳು. ಕಾಳಿನ ಅಂಚೆಲ್ಲ ಚೌಕ ಚೌಕವಾಗಿ ಒಡೆದಿತ್ತು. ಕಣ್ಣಿನ ಕಂದು ಬಣ್ಣ ಹೊರಗೆ ಹರಡಿ, ಬಿಳಿಯ ಜೊತೆ ಕಲೆತು ಕೆಂಪು ಛಾಯೆ ಮೂಡಿತ್ತು. ಇಪ್ಪತ್ತಮೂರನೆಯದರಲ್ಲಿ ನಿಜವಾದ ಕೆಂಪು ಗೆರೆ ಮಾಸಿಹೋಗಿತ್ತು. ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು.

ಮದುವೆ ಆಲ್ಬಮ್ಮಿನಲ್ಲಿ ಮೂಲೆಯಲ್ಲಿ ನಿಂತ ಅಜ್ಜಿಯ ಮುಖವನ್ನೂ ಬಿಡದೆ ನೋಡುವವಳು ನಾನು, ಇವುಗಳಲ್ಲಿ ಒಂದನ್ನೂ ತೆರೆದು ನೋಡಲಿಲ್ಲವಲ್ಲ ಎಂದುಕೊಂಡಳು. ಆ ಚಿಕ್ಕ ಫೋಟೊಗಳನ್ನೇ ಮತ್ತೆ ತೆರೆದು, ಅಂಚು ಚೂಪು ಮಾಡಿ, ಈ ಸಲ ಕ್ವಾಲಿಟಿಯನ್ನು ತೊಂಬತ್ತೈದಕ್ಕೆ ಎಳೆದು ಉಳಿಸಿದಳು. ಫೋಟೊ ಭಾರವಾಯಿತು, ಕಾಳು ಮಾತ್ರ ಇನ್ನೂ ಕೆಟ್ಟಿತು. ಒಂದು ಸಲ ಬಿಸಾಡಿದ ವಿವರ ಗುಂಡಿಯನ್ನು ಬಲಕ್ಕೆ ಎಳೆದರೆ ವಾಪಸ್ಸು ಬರುವುದಿಲ್ಲ ಎಂದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಮಾಡಿ ನೋಡಿದಳು. ಬೇಗೂರಿನ ಒಂದು ಮದುವೆಗೆಂದು ಹಳೆಯ ಹಾರ್ಡ್ ಡಿಸ್ಕ್ ಖಾಲಿ ಮಾಡಬೇಕು ಅಂದುಕೊಂಡವಳು ಮರೆತಿದ್ದಳು. ಆ ಮರೆವೇ ಕಾಪಾಡಿತು. ಅರವತ್ತೆರಡು ಮೂಲ ಫೋಟೊಗಳೂ ಅದರಲ್ಲಿದ್ದವು.

ಮಂಗಳವಾರ ಸ್ಟುಡಿಯೊ ಮುಚ್ಚಿ, ಲ್ಯಾಪ್‌ಟಾಪ್, ಡಿಸ್ಕ್, ಕ್ಯಾಮೆರಾ ಹೊತ್ತುಕೊಂಡು ಕುದೇರಿಗೆ ಹೋದಳು.

"ತಪ್ಪಾಯ್ತು ಕಣಜ್ಜಿ" ಎಂದಳು.

"ತಪ್ಪು ಗಿಪ್ಪು ಇರ‍್ಲಿ. ಮೊದ್ಲು ಉಂಡ್ಕೊ" ಎಂದಳು ದೊಡ್ಡಮಲ್ಲಮ್ಮ.

ಮುದ್ದೆ, ಉಪ್ಪುಸಾರು ಉಂಡ ಮೇಲೆ ನಡುಮನೆಯಲ್ಲೇ ಕೆಲಸ ಶುರುವಾಯಿತು. ಶಶಿರೇಖಾ ಒಂದೇ ಫೋಟೊವನ್ನು ಐದು ಬಗೆಯಲ್ಲಿ ಉಳಿಸಿದಳು: ತೊಂಬತ್ತು, ಎಪ್ಪತ್ತೈದು, ಅರವತ್ತು, ನಲವತ್ತೈದು, ಮೂವತ್ತು. ಯಾವುದು ಯಾವುದೆಂದು ಹೇಳದೆ ತನ್ನ ಫೋನಿಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟಳು. ಪಕ್ಕದಲ್ಲಿ ಮೊರದ ಮೇಲೆ ನಿಜವಾದ ಕಾಳು. ಅಜ್ಜಿ ಫೋನು ನೋಡುವುದು, ಮೊರ ನೋಡುವುದು, ಒಪ್ಪುವುದು ಇಲ್ಲವೆ ತಳ್ಳಿಹಾಕುವುದು.

ಬಿಳಿ ಅವರೆ ಎಲ್ಲಕ್ಕಿಂತ ಸುಲಭವಾಗಿತ್ತು. ನಲವತ್ತೈದಕ್ಕೆ ಇಳಿಸಿದರೂ ಅಜ್ಜಿಗೆ ವ್ಯತ್ಯಾಸ ಕಾಣಲಿಲ್ಲ. ಕರಿ ಹುರುಳಿಯೂ ಹಾಗೇ. ಹರಳಿನ ಬೀಜ ಹಾಗಲ್ಲ, ಅದರ ಮೈಮೇಲಿನ ಚಿತ್ತಾರ ಎಪ್ಪತ್ತೈದಕ್ಕಿಂತ ಕೆಳಗೆ ಬಂದ ಕೂಡಲೇ ಕಲಸಿಹೋಗುತ್ತಿತ್ತು. ಶಶಿರೇಖಾಳಿಗೆ ಆಶ್ಚರ್ಯವಾದದ್ದು ರಾಗಿ. ಬಣ್ಣ ಒಂದೇ, ಮಚ್ಚೆ ಇಲ್ಲ, ಆದರೂ ಎಲ್ಲಕ್ಕಿಂತ ಭಾರ. ಸಾವಿರಾರು ಕಾಳುಗಳ ಸಾವಿರಾರು ಅಂಚು ನೆನಪಿಟ್ಟುಕೊಳ್ಳಬೇಕಲ್ಲ ಪಾಪ ಆ ಫೋಟೊ. ಅದನ್ನು ಅಜ್ಜಿಗೆ ಹೇಳಿದಾಗ, "ಅಂಗಾರೆ ಒಂದ್ ಚಿಟ್ಕೆ ಇಡನ. ರಾಗಿ ನೋಡಕೆ ಮೂಟೆ ಯಾಕೆ?" ಎಂದಳು. ಕಿಟಕಿಯ ಬಳಿ ಚಿಟಿಕೆ ರಾಗಿ ಇಟ್ಟು ಹೊಸದಾಗಿಯೇ ಫೋಟೊ ತೆಗೆದರು.

ಕೆಂಗಣ್ಣಿನ ಅಲಸಂದೆಯ ಸರದಿ ಬಂದಾಗ ಕೆಲಸ ನಿಂತಿತು. ಎಪ್ಪತ್ತೈದು ತೋರಿಸಿದಳು, ಅಜ್ಜಿ ತಲೆಯಾಡಿಸಿದಳು. ತೊಂಬತ್ತು ತೋರಿಸಿದಳು.

"ಕೆಂಪು ಅದೆ. ಆದ್ರೆ ಸೋರ್ಬುಟ್ಟದೆ. ಗೆರೆ ಅಲ್ಲ ಅದು, ಕಲೆ."

ಶಶಿರೇಖಾ ಲ್ಯಾಪ್‌ಟಾಪಿಗೆ ಮುಖ ಹತ್ತಿರ ತಂದು ನೋಡಿದಳು. ನಿಜ. ಕಾಳಿನ ಅಂಚು ಚೂಪಾಗಿಯೇ ಇತ್ತು, ಬಣ್ಣ ಮಾತ್ರ ಕದಡಿತ್ತು. ನೀಲಕಂಠಸ್ವಾಮಿಗೆ ಫೋನ್ ಮಾಡಿ, ಮಾತು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಕೆಳಗಡೆ ಬಣ್ಣದ್ದೇ ಬೇರೆ ಒಂದು ಆಯ್ಕೆ ಇರುತ್ತೆ ನೋಡಮ್ಮ" ಎಂದರು ಅವರು. "ಜಾಗ ಉಳಿಸೋಕೆ ಬೆಳಕು ನೆರಳನ್ನ ಪೂರ್ತಿ ಇಟ್ಟು, ಬಣ್ಣವನ್ನ ಅರ್ಧ ಅಳತೆಗೆ ಇಳಿಸಿರುತ್ತೆ. ಮನುಷ್ಯರ ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟಾಗಿ ಗೊತ್ತಾಗೋದಿಲ್ಲ ಅಂತ."

"ಯಾರ್ ಕಣ್ಗಂತೆ?" ಎಂದಳು ದೊಡ್ಡಮಲ್ಲಮ್ಮ.

ಅತ್ತ ಕಡೆಯಿಂದ ನಗು ಕೇಳಿಸಿತು. ಶಶಿರೇಖಾ ಆ ಆಯ್ಕೆಯನ್ನು ಹುಡುಕಿದಳು. ಹನ್ನೊಂದು ವರ್ಷದಲ್ಲಿ ಅದನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಬಣ್ಣ ಪೂರ್ತಿ ಇರಲಿ ಎಂದು ಆರಿಸಿ, ಕ್ವಾಲಿಟಿಯನ್ನು ಎಂಬತ್ತಕ್ಕೆ ಇಟ್ಟು ಉಳಿಸಿದಳು. ಅಜ್ಜಿ ಫೋನು ತೆಗೆದುಕೊಂಡಳು. ಒಂದು ಕಾಳನ್ನು ಪರದೆಯ ಮೇಲೇ ಇಟ್ಟು, ಫೋಟೊದ ಕಾಳಿನ ಪಕ್ಕ ಸರಿಸಿ ನೋಡಿದಳು.

"ಈಗ ಬಂದ" ಎಂದಳು.

ಆದರೆ ಫೋಟೊ ಇನ್ನೂರ ಮೂವತ್ತು ಕೆಬಿ ಆಗಿತ್ತು. ಲಿಂಕು ಮರಿಮಲ್ಲಪ್ಪನಿಗೆ ಹೋಯಿತು. ಅವನು ಹೊಲದ ಬದುವಿನ ಮೇಲೆ ಕೂತು ಫೋನಿನಲ್ಲೇ ಸೆಕೆಂಡು ಎಣಿಸಿದ. ಹದಿನೆಂಟಕ್ಕೆ ಫೋಟೊ ಪೂರ್ತಿ ಬಂತು.

"ಅತ್ತರೊಳ್ಗೆ ಬಂದ್ರೆ ನಮ್ಮೋರ್ ಕಾಯ್ತಾರೆ" ಎಂದ. "ಅದಾದ್ಮೇಲೆ ಎಮ್ಮೆ ನೆಪ್ಪಾಯ್ತದೆ, ಎದ್ದೋಯ್ತಾರೆ."

ಶಶಿರೇಖಾ ಸುಸ್ತಾಗಿ ಗೋಡೆಗೆ ಒರಗಿದಳು. ಕ್ವಾಲಿಟಿ ಇಳಿಸಿದರೆ ಗೆರೆ ಹೋಗುತ್ತದೆ, ಇಳಿಸದಿದ್ದರೆ ಮರಿಮಲ್ಲಪ್ಪನ ಊರಿನವರು ಎದ್ದುಹೋಗುತ್ತಾರೆ. ದೊಡ್ಡಮಲ್ಲಮ್ಮ ಫೋಟೊವನ್ನು ಇನ್ನೂ ನೋಡುತ್ತಲೇ ಇದ್ದಳು. ನೋಡುತ್ತಾ ಕೇಳಿದಳು:

"ಬಟ್ಟೆ ಭಾರ ಇಲ್ವೇನಮ್ಮಿ?"

"ಏನಜ್ಜಿ?"

"ಕಾಳು ನಡೂಕ್ ಇಷ್ಟೇ ಅವೆ. ಸುತ್ತ ಅಗಸರ ಕಲ್ ಮ್ಯಾಲಿದ್ದಂಗೆ ಇಷ್ಟಗ್ಲ ಬಟ್ಟೆ. ಅವ್ರು ಕೇಳಿರದು ಬಿತ್ತ. ಬಟ್ಟೆ ಯಾಕೆ ಕಳುಸ್ತಿಯೆ?"

ಶಶಿರೇಖಾ ಫೋಟೊವನ್ನು ಹಿಗ್ಗಿಸಿ ನೋಡಿದಳು. ಬೆಡ್‌ಶೀಟಿನ ನೇಯ್ಗೆ, ಸುಕ್ಕು, ನೂಲಿನ ಎಳೆ, ಎಲ್ಲವನ್ನೂ ಆ ಫೋಟೊ ಕಾಳಿನಷ್ಟೇ ಶ್ರದ್ಧೆಯಿಂದ ಹೊತ್ತುಕೊಂಡಿತ್ತು. ಹನ್ನೆರಡು ಕಾಳಿನಲ್ಲಿ ನಾಲ್ಕನ್ನು ಮಾತ್ರ ಉಳಿಸಿ ಸುತ್ತಲಿನದನ್ನು ಕತ್ತರಿಸಿದಳು. ಫೋನಿನ ಅಗಲಕ್ಕೆ ಸಾಕಾಗುವಷ್ಟು ಅಳತೆ ಇಟ್ಟಳು. ಕ್ವಾಲಿಟಿ ಎಂಬತ್ತು, ಬಣ್ಣ ಪೂರ್ತಿ. ಉಳಿಸಿದಾಗ ತೊಂಬತ್ತೆರಡು ಕೆಬಿ. ಕಾಳುಗಳು ಮೊದಲಿಗಿಂತ ದೊಡ್ಡದಾಗಿಯೇ ಕಾಣುತ್ತಿದ್ದವು.

ಮರಿಮಲ್ಲಪ್ಪ ಮತ್ತೆ ಎಣಿಸಿದ. "ಒಂದು, ಎರ‍್ಡು, ಮೂರು..." ಏಳಕ್ಕೆ ನಿಂತ. ಆಮೇಲೆ ಅವನ ದನಿಯೇ ಬದಲಾಯಿತು. "ನಮ್ಮವ್ವುಂದೇ ಕಣವ್ವ ಇದು. ಇದು ನಾನು ನೆನ್ನೆ ಬಿತ್ತಿದ್ನಲ್ಲ, ಅದೇ."

ದೊಡ್ಡಮಲ್ಲಮ್ಮ ಶಶಿರೇಖಾಳ ತೊಡೆಯ ಮೇಲೆ ಒಂದು ಏಟು ಹಾಕಿದಳು. "ಎದ್ದೇಳು ಕಣಮ್ಮಿ, ಎಲ್ಲಾನೂ ಇಂಗೇ ಮಾಡ್ಬುಡನ" ಎಂದಳು.

ಒಂದು ದಿನಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಶಶಿರೇಖಾ ಮೂರು ಮಂಗಳವಾರ ಹೋದಳು. ಅರವತ್ತೆರಡನ್ನೂ ಒಂದೊಂದಾಗಿ ತೆರೆದು, ಕತ್ತರಿಸಿ, ಅಜ್ಜಿಗೆ ತೋರಿಸಿ, ಅವಳು ಒಪ್ಪಿದ ಅತಿ ಕಡಿಮೆ ಅಂಕೆಯಲ್ಲಿ ಉಳಿಸಿದಳು. ಯಾವುದಕ್ಕೆ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು: ಸಾಮೆ ಐವತ್ತೈದು, ಬಿಳಿ ಅವರೆ ನಲವತ್ತೈದು, ಹರಳು ಎಪ್ಪತ್ತೆಂಟು ಬಣ್ಣ ಪೂರ್ತಿ. ಗುಂಡಿಯನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಾ ಕೂರುವ ಆ ಕೆಲಸ ಅವಳಿಗೆ ಹಿಡಿಸಿಬಿಟ್ಟಿತು. ಮದುವೆ ಫೋಟೊಗಳಲ್ಲಿ ಇಲ್ಲದ್ದನ್ನು ಸೇರಿಸುವುದೇ ಅವಳ ಅಭ್ಯಾಸ, ಹೊಳಪು, ಬೆಳಕು, ಗುಲಾಬಿ ಕೆನ್ನೆ. ಇಲ್ಲಿ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಅನ್ನುವುದಷ್ಟೇ. ಅಜ್ಜಿ ಜೊತೆಗೆ ಕೂತು ಕೂತು ಅವಳಿಗೂ ಕಣ್ಣು ಪಳಗಿತು. ಮೂರನೆಯ ಮಂಗಳವಾರ ಎರಡು ಬಗೆಯ ಹುರುಳಿಯನ್ನು ಅಜ್ಜಿ ಹೇಳುವ ಮೊದಲೇ ಹೇಳಿದಳು. ಒಂದನ್ನು ತಪ್ಪಾಗಿಯೇ ಹೇಳಿದಳು, ಅಜ್ಜಿ ನಕ್ಕಳು.

ಈ ನಡುವೆ ಶಿವರುದ್ರಮ್ಮ ಮೊದಲಿನ ಹದಿನಾಲ್ಕು ಜನಕ್ಕೂ ಫೋನ್ ಮಾಡಿ ವಿಷಯ ತಿಳಿಸಿದಳು. ಮೂವರಿಗೆ ಅಂದುಕೊಂಡದ್ದು ಹೋಗಿರಲಿಲ್ಲ. ಇಬ್ಬರಿಗೆ ಸರಿಯಾದ ಬೀಜ ಕಳಿಸಿದರು. ತೆರಕಣಾಂಬಿಯ ಒಬ್ಬ ಹೆಂಗಸು, "ಕೇಳಿದ್ದು ಬ್ಯಾರೆನೇ, ಆದ್ರೆ ಇದೂ ಚೆಂದಾಗ್ ಉಟ್ಟದೆ, ಕೀಳಕೆ ಮನಸಿಲ್ಲ. ಅದ್ನೂ ಒಂದ್ ಇಡಿ ಕಳ್ಸಿ" ಎಂದಳು. ಅದನ್ನೂ ಕಳಿಸಿದರು.

ಜೂನ್ ಕೊನೆಯಲ್ಲಿ ಶಶಿರೇಖಾ ಮತ್ತೆ ಕುದೇರಿಗೆ ಹೋದಳು. ಕೆಲಸವೇನೂ ಇರಲಿಲ್ಲ, ಚಾಮರಾಜನಗರಕ್ಕೆ ಬಂದವಳು ಹಾಗೇ ಹೋದದ್ದು. ದೊಡ್ಡಮಲ್ಲಮ್ಮ ಜಗಲಿಯ ಮೇಲೆ ಕೂತು ಯಾರೊಂದಿಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು. ಆ ಕಡೆಯ ಹೆಂಗಸು ತಮಿಳುನಾಡಿನ ಗಡಿಯ ತಾಳವಾಡಿಯವಳು. ಅರ್ಧ ತಮಿಳು, ಅರ್ಧ ಕನ್ನಡ. ಇವಳೂ ಗೊತ್ತಿದ್ದ ನಾಲ್ಕು ತಮಿಳು ಮಾತು ಸೇರಿಸಿ ಉತ್ತರ ಕೊಡುತ್ತಿದ್ದಳು. ಮಾತು ಮುಗಿದ ಮೇಲೆ ಶಿವರುದ್ರಮ್ಮ ವಿವರಿಸಿದಳು: ಆ ಹೆಂಗಸು ಸೈಟನ್ನು ಪೂರ್ತಿ ನೋಡಿ, ನಿಮ್ಮಲ್ಲಿ ಇಲ್ಲದ ಒಂದು ಅವರೆ ನಮ್ಮಲ್ಲಿದೆ ಎಂದು ತನ್ನ ಫೋನಿನಲ್ಲೇ ಫೋಟೊ ತೆಗೆದು ಕಳಿಸಿದ್ದಳು.

ಅಜ್ಜಿ ಆ ಫೋಟೊವನ್ನು ಶಶಿರೇಖಾಳ ಕೈಗಿಟ್ಟಳು. ಮಬ್ಬಾಗಿತ್ತು, ಅಲುಗಾಡಿತ್ತು. ಆದರೂ ಕಾಳಿನ ಬೆನ್ನಿಗೆ ನೇರಳೆ ಪಟ್ಟಿಯಂಥದ್ದೇನೋ ಕಾಣುತ್ತಿತ್ತು.

"ಎಪ್ಪತ್ತೊರ್ಸ ಆಯ್ತು ನಂಗೆ. ಇದ್ನ ನೋಡೇ ಇಲ್ಲ ಕಣಮ್ಮಿ" ಎಂದಳು. ಅವಳ ಮುಖ ಹಬ್ಬದ ಬಟ್ಟೆ ಕಂಡ ಹುಡುಗಿಯದರಂತಿತ್ತು. "ನೀನೂ ಬಾ, ಕ್ಯಾಮ್ರ ತಕ್ಕೊ. ಬುದ್ವಾರ ಓಗನ."

"ತಾಳವಾಡಿಗೆ ಬಸ್ಸೆಷ್ಟೊತ್ತಿಗೆ?" ಎಂದು ಶಶಿರೇಖಾ ಒಳಗೆ ಹೋಗಿದ್ದ ಶಿವರುದ್ರಮ್ಮನನ್ನು ಕೂಗಿ ಕೇಳಿದಳು.